ಹಕ್ಕಿಗಳ ಮೊಳಕೆ ಕಾಳಿಗೆ ಯಾವ ಡಬ್ಬಿ, ಎಷ್ಟು ದಿನ, ಯಾವಾಗ ಎಸೆಯಬೇಕು

ಜುಲೈ ತಿಂಗಳ ಒಂದು ಬೆಳಿಗ್ಗೆ ಫ್ರಿಜ್‌ನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದೆ. ಪಕ್ಕದಲ್ಲಿ ಹಾಲು ಕಾಯಿಸುತ್ತಿದ್ದ ಅಮ್ಮ ತಿರುಗಿ ನೋಡಿ, "ಏನೋ ಇದು, ಒಳ್ಳೆ ಹೆಂಡದ ಅಂಗಡಿ ವಾಸನೆ!" ಅಂದರು. ಒಳಗಿದ್ದದ್ದು ಎರಡು ದಿನದ ಹೆಸರುಕಾಳಿನ ಮೊಳಕೆ. ನೋಡೋಕೆ ಬೆಳ್ಳಗೆ ಚೆನ್ನಾಗೇ ಇತ್ತು. ತೊಳೆದರೆ ಸರಿಹೋಗುತ್ತೆ ಅಂತ ಎರಡು ಸಲ ತೊಳೆದು ನಮ್ಮ ಬಡ್ಜಿ ಹಕ್ಕಿಗಳಿಗೆ (ನಮ್ಮ ಊರಲ್ಲಿ ಎಲ್ಲರೂ ಲವ್ ಬರ್ಡ್ಸ್ ಅಂತಲೇ ಕರೆಯುತ್ತಾರೆ) ಇಟ್ಟೆ. ಸಂಜೆ ಹೊತ್ತಿಗೆ ಒಂದು ಹೆಣ್ಣು ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿತ್ತು, ಹಿಕ್ಕೆ ನೀರಾಗಿತ್ತು, ಬಾಲದ ಬುಡದ ಪುಕ್ಕ ಒದ್ದೆಯಾಗಿ ಅಂಟಿಕೊಂಡಿತ್ತು. ಡಾಕ್ಟರ ಹತ್ತಿರ ಓಡಿದ್ದು, ಪಂಜರದ ಪಕ್ಕ ಬಲ್ಬ್ ಹಾಕಿ ಬೆಚ್ಚಗಿಟ್ಟಿದ್ದು, ನಾಲ್ಕು ದಿನ ಮನೆಯವರೆಲ್ಲ ಅದರ ಮುಖವನ್ನೇ ನೋಡಿದ್ದು, ಅದೆಲ್ಲ ಈಗ ಬೇಡ. ಉಳಿದುಕೊಂಡಿತು. ತಪ್ಪು ಪೂರ್ತಿ ನನ್ನದೇ.

ಆ ಡಬ್ಬಿ ನಾಲ್ಕೂ ಕಡೆ ಕ್ಲಿಪ್ ಇರುವ, ಗಾಳಿ ಒಂದಿಷ್ಟೂ ಆಡದ ಡಬ್ಬಿ. ಹುರಿಗಡಲೆ, ಕೋಡುಬಳೆಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಒದ್ದೆ ಮೊಳಕೆ ತುಂಬಿ ಒತ್ತಿ ಮುಚ್ಚಿದ್ದೆ.

ಮೊಳಕೆ ಕಟ್ಟುವುದು ಯಾರಿಗೆ ಗೊತ್ತಿಲ್ಲ ಹೇಳಿ. ನಮ್ಮ ಕಡೆ ರಾಗಿ ಮಾಲ್ಟಿಗೆ, ಹುರುಳಿಕಾಳು ಸಾರಿಗೆ ಎಲ್ಲರ ಮನೆಯಲ್ಲೂ ಕಟ್ಟುತ್ತಾರೆ. ಆದರೆ ಮನುಷ್ಯರಿಗೆ ಕಟ್ಟಿದ್ದನ್ನು ಬೇಯಿಸುತ್ತೇವೆ, ಇಲ್ಲ ಹುರಿದು ಹಿಟ್ಟು ಮಾಡುತ್ತೇವೆ. ಸ್ವಲ್ಪ ಹುಳಿ ಬಂದಿದ್ದರೂ ಬೆಂಕಿ ನೋಡಿಕೊಳ್ಳುತ್ತದೆ. ಹಕ್ಕಿ ತಿನ್ನುವುದು ಹಸಿ. ಬಡ್ಜಿಯ ತೂಕವೇ 30ರಿಂದ 40 ಗ್ರಾಂ. ನಮಗೆ ಒಂದು ತೇಗು ಬಂದು ಮುಗಿಯುವಂಥದ್ದು ಅದಕ್ಕೆ ಪ್ರಾಣಕ್ಕೆ ಬರುತ್ತದೆ. ಹಾಗಾಗಿ ಎಷ್ಟು ಚೆನ್ನಾಗಿ ಮೊಳಕೆ ಬರಿಸಿದೆವು ಅನ್ನುವುದಕ್ಕಿಂತ, ಎಂಥ ಪಾತ್ರೆಯಲ್ಲಿ ಬರಿಸಿದೆವು, ಆಮೇಲೆ ಹೇಗೆ ಇಟ್ಟೆವು ಅನ್ನುವುದೇ ಇಲ್ಲಿ ದೊಡ್ಡ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳುತ್ತಿರುವುದು ಬಡ್ಜಿ, ಕಾಕಟೀಲ್, ಫಿಂಚ್ ಇಂಥ ಹಕ್ಕಿಗಳಿಗೆ. ನಮ್ಮ ತೋಟದ ಹಸಿರು ಗಿಳಿಯನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಮುನಿಯ ಹಕ್ಕಿಗೂ ಅದೇ ಕಾನೂನು.

ಡಬ್ಬಿಯೊಳಗೆ ಏನಾಗುತ್ತದೆ

ನೆನೆದ ಕಾಳು ಅಂದರೆ ಎದ್ದು ಕೂತ ಕಾಳು. ಅದು ಉಸಿರಾಡುತ್ತದೆ. ಗಾಳಿ ಎಳೆದುಕೊಳ್ಳುತ್ತದೆ, ಬಿಸಿ ಬಿಡುತ್ತದೆ. ಕಾಫಿ ಕಣದಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣನ್ನು ಒಂದು ರಾತ್ರಿ ಗುಡ್ಡೆ ಹಾಕಿ ಬಿಟ್ಟರೆ ಬೆಳಿಗ್ಗೆ ಕೈ ತೂರಿಸಿದಾಗ ಒಳಗೆ ಬಿಸಿ ಇರುತ್ತದೆ, ಹುಳಿ ವಾಸನೆ ಹೊಡೆಯುತ್ತದೆ. ಅದಕ್ಕೇ ಅಲ್ವಾ ತೆಳ್ಳಗೆ ಹರಡಿ ಆಗಾಗ ಕೈಯಾಡಿಸುವುದು. ಮೊಳಕೆಯೂ ಅಷ್ಟೇ. ತಳದಲ್ಲಿ ನೀರು ನಿಂತರೆ ಕೆಳಗಿನ ಕಾಳಿಗೆ ಉಸಿರು ಕಟ್ಟುತ್ತದೆ, ಅದು ಸಾಯುತ್ತದೆ, ಸತ್ತ ಕಾಳು ಕೊಳೆಯುತ್ತದೆ, ಆ ಕೊಳೆ ಮೇಲಿನ ಒಳ್ಳೆ ಕಾಳಿಗೂ ಹತ್ತುತ್ತದೆ. ಬೆಚ್ಚಗೆ, ಒದ್ದೆಯಾಗಿ, ತಿನ್ನೋಕೆ ಹಿಟ್ಟು ಇರುವ ಜಾಗ ಬ್ಯಾಕ್ಟೀರಿಯಾಗಳಿಗೆ ಜಾತ್ರೆ ಇದ್ದ ಹಾಗೆ. ಇ. ಕೋಲಿಯಂಥವು ಹಿತವಾದ ಬಿಸಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ.

ಅದರ ಮೇಲೆ ನಮ್ಮ ಹವಾಮಾನ ಬೇರೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲದರ ಮೇಲೂ ಬೂಷ್ಟು ಕೂರುತ್ತದೆ. ಮೊಳಕೆಯನ್ನು ಬಿಡುತ್ತದಾ? ನಮ್ಮಕ್ಕ ಇರುವುದು ಕಡೂರಿನಲ್ಲಿ. ಇದೇ ಜಿಲ್ಲೆ, ಆದರೆ ಒಣ ಗಾಳಿ. ಅವಳ ಮನೆಯಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಬೇಸಿಗೆಯಲ್ಲಿ ಒಣಗಿ ಹೋಗುತ್ತದೆ, ಮೇಲೆ ನೀರು ಚಿಮುಕಿಸಬೇಕು. ನಮ್ಮ ಮನೆಯಲ್ಲಿ ಅದೇ ಗಂಟು ಜುಲೈಯಲ್ಲಿ ಎರಡು ದಿನವಾದರೂ ತೊಟ್ಟಿಕ್ಕುತ್ತಾ ಇರುತ್ತದೆ. ಆದ್ದರಿಂದ ಅರಸೀಕೆರೆಯಲ್ಲೋ ಕಡೂರಲ್ಲೋ ಇರುವವರು ಹೇಳಿಕೊಟ್ಟ ರೀತಿ ಬಾಳೆಹೊನ್ನೂರಿನವರಿಗೆ ಹೊಂದುವುದಿಲ್ಲ. ನೀವಿರುವ ಕಡೆ ಹೇಗಿದೆ ನೋಡಿಕೊಂಡು ಪಾತ್ರೆ ಆರಿಸಿ.

ಯಾವ ಪಾತ್ರೆ

ಮೊಳಕೆ ಬರಿಸುವ ಪಾತ್ರೆ ಬೇರೆ, ಬಂದ ಮೇಲೆ ಇಡುವ ಡಬ್ಬಿ ಬೇರೆ. ಇವೆರಡನ್ನೂ ಒಂದೇ ಮಾಡಿಕೊಂಡು ಕೂತಿದ್ದೇ ನಾನು ಮಾಡಿದ ಮೊದಲ ಎಡವಟ್ಟು.

ಬರಿಸೋಕೆ ನನಗೆ ಈಗಲೂ ಇಷ್ಟವಾಗುವುದು ಅಗಲ ಬಾಯಿಯ ಗಾಜಿನ ಬಾಟಲಿ. ಹಳೇ ಹಾರ್ಲಿಕ್ಸ್ ಬಾಟಲಿ ಅಟ್ಟದ ಮೇಲೆ ಇದ್ದರೆ ಇಳಿಸಿ. ಕೈ ಒಳಗೆ ಹೋಗಬೇಕು, ತಳ ಉಜ್ಜೋಕೆ ಬರಬೇಕು, ಅಷ್ಟು ಅಗಲ ಸಾಕು. ಬಾಯಿಗೆ ಹೊಸ ಸೊಳ್ಳೆ ಪರದೆ ತುಂಡೋ ತೆಳು ಮಲ್ ಬಟ್ಟೆಯೋ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ನೀರು ಬಸಿದ ಮೇಲೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಬೇಡಿ. ಒಂದು ಬಟ್ಟಲಿನೊಳಗೆ ಬಾಯಿ ಕೆಳಗೆ ಮಾಡಿ ಓರೆಯಾಗಿ ಒರಗಿಸಿ. ಕಾಳೆಲ್ಲ ಬಾಯಿಗೆ ಬಂದು ಮುಚ್ಚಿಕೊಂಡರೆ ಗಾಳಿ ಹೋಗುವುದಿಲ್ಲ, ಅದಕ್ಕೇ ಪೂರ್ತಿ ತಲೆಕೆಳಗಾಗಿ ಇಡದೆ ಓರೆ ಇಡುವುದು. ಕಾಳು ಬಾಟಲಿಯ ಗೋಡೆಗುಂಟ ತೆಳ್ಳಗೆ ಹರಡಿಕೊಂಡಿರಬೇಕು. ನೆನೆದ ಕಾಳು ಬಾಟಲಿಯ ಕಾಲು ಭಾಗಕ್ಕಿಂತ ಜಾಸ್ತಿ ಇರಬಾರದು. ಗಾಜಿನಲ್ಲಿ ಇನ್ನೊಂದು ಅನುಕೂಲ, ಲೋಳೆ ಕಟ್ಟುತ್ತಿದ್ದರೆ ಹೊರಗಿನಿಂದಲೇ ಕಾಣುತ್ತದೆ.

ಸ್ಟೀಲಿನ ತೂತಿನ ಪಾತ್ರೆ, ಅಂದರೆ ತರಕಾರಿ ತೊಳೆಯುವಂಥದ್ದು, ಹೆಸರು, ಕಡಲೆ, ಗೋಧಿಗೆ ಭಾರಿ ಚೆನ್ನಾಗಿದೆ. ನೀರು ನಿಲ್ಲುವ ಮಾತೇ ಇಲ್ಲ. ರಾಗಿ, ನವಣೆ ಮಾತ್ರ ತೂತಿನಲ್ಲಿ ಇಳಿದು ಹೋಗುತ್ತವೆ.

ಆ ಸಣ್ಣ ಕಾಳುಗಳಿಗೆ ನಾನು ಕಂಡುಕೊಂಡ ಉಪಾಯ ಕಾಫಿ ಫಿಲ್ಟರ್. ನಗಬೇಡಿ. ಸ್ಟೀಲ್ ಫಿಲ್ಟರಿನ ಮೇಲಿನ ಪಾತ್ರೆಯ ತಳದ ತೂತುಗಳು ಎಷ್ಟು ಸಣ್ಣ ಅಂದರೆ ರಾಗಿ ಕಾಳೂ ಇಳಿಯುವುದಿಲ್ಲ, ನೀರು ಮಾತ್ರ ತೊಟ್ಟಿಕ್ಕುತ್ತದೆ, ಕೆಳಗಿನ ಪಾತ್ರೆ ಅದನ್ನು ಹಿಡಿದುಕೊಳ್ಳುತ್ತದೆ. ಎರಡು ಹಕ್ಕಿಗೆ ಎರಡು ಚಮಚ ನವಣೆ ಬರಿಸೋಕೆ ಇದಕ್ಕಿಂತ ಅಚ್ಚುಕಟ್ಟಾದದ್ದು ನನಗೆ ಸಿಕ್ಕಿಲ್ಲ. ಆದರೆ ಒಂದು ಷರತ್ತು. ಮನೆಯಲ್ಲಿ ದಿನಾ ಕಾಫಿ ಹಾಕುವ ಫಿಲ್ಟರನ್ನು ಮುಟ್ಟಬೇಡಿ. ತೂತುಗಳಲ್ಲಿ ಪುಡಿ ಕೂತಿರುತ್ತದೆ, ಕಾಫಿಯಲ್ಲಿರುವ ಕೆಫೀನ್ ಹಕ್ಕಿಗೆ ವಿಷ. ಅಮ್ಮನ ಕೈಯಲ್ಲಿ ಬೈಸಿಕೊಳ್ಳುವುದೂ ಬೇರೆ ಇದೆ. ಹೊಸದೊಂದು ಚಿಕ್ಕ ಫಿಲ್ಟರ್ ತಂದು ಹಕ್ಕಿಗೆ ಅಂತಲೇ ಇಟ್ಟುಬಿಡಿ. ಮುಚ್ಚಳ ಪೂರ್ತಿ ಹಾಕದೆ ಓರೆ ಇಡಿ. ಕೆಳಗಿನ ಪಾತ್ರೆಯ ನೀರನ್ನು ಪ್ರತಿ ಸಲ ಚೆಲ್ಲಿ.

ಮೂರು ಅಂತಸ್ತಿನ ಪ್ಲಾಸ್ಟಿಕ್ ಸ್ಪ್ರೌಟ್ ಮೇಕರ್ ಸಿಗುತ್ತದೆ. ಕೆಟ್ಟದ್ದೇನಲ್ಲ. ಆದರೆ ಮೇಲಿನ ತಟ್ಟೆಯ ಕೊಳಕು ನೀರು ಕೆಳಗಿನ ತಟ್ಟೆಯ ಮೂಲಕವೇ ಇಳಿಯುತ್ತದೆ, ಮೇಲೆ ಒಂದು ಕೆಟ್ಟರೆ ಕೆಳಗೆ ಎಲ್ಲ ಕೆಟ್ಟಿತು ಅಂತ ಲೆಕ್ಕ. ಮೂಲೆಗಳಲ್ಲಿ ಲೋಳೆ ಕೂರುತ್ತದೆ, ಗೀರು ಬಿದ್ದ ಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಗೀರು ಜಾಸ್ತಿಯಾದ ಪ್ಲಾಸ್ಟಿಕ್ಕನ್ನು ಗಿಡಕ್ಕೆ ಬಳಸಿ, ಹಕ್ಕಿಗೆ ಬೇಡ.

ಬಟ್ಟೆ ಗಂಟು ಹಳೇ ಕಾಲದ್ದು, ರಾಗಿಗೆ ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ ನಾನೂ ಕಟ್ಟುತ್ತೇನೆ. ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಹಾಗಾಗಿ ಆಗ ಬೇಡ. ಬಟ್ಟೆಯನ್ನು ಪ್ರತಿ ಸಲ ಕುದಿಸಿ ಒಣಗಿಸಬೇಕು, ಸೋಪಿನ ಪುಡಿಯ ವಾಸನೆ ಉಳಿದಿರಬಾರದು. ಮಣ್ಣಿನ ಪಾತ್ರೆ ನೋಡೋಕೆ ಚೆಂದ, ಆದರೆ ಅದರ ಸೂಕ್ಷ್ಮ ರಂಧ್ರಗಳಲ್ಲಿ ಹೋದ ಬೂಷ್ಟು ಹೊರಗೆ ಬರುವುದಿಲ್ಲ.

ಲೋಹದ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿರಿ. ಸ್ಟೀಲ್ ಬಿಟ್ಟು ಬೇರೆ ಯಾವುದೂ ಬೇಡ. ಸತುವಿನ ಲೇಪ ಇರುವ ಜಿಐ ಬಕೆಟ್, ಜಿಐ ಜಾಲರಿ, ತಗಡಿನ ತಟ್ಟೆ ಇವುಗಳಿಂದ ಸತು ಬಿಡುತ್ತದೆ, ಹುಳಿ ನೀರಿದ್ದರೆ ಇನ್ನೂ ಜಾಸ್ತಿ. ಸತು ಹೊಟ್ಟೆಗೆ ಹೋಗಿ ಹಕ್ಕಿ ಸಾಯುವುದು ಸಾಕುವವರೆಲ್ಲ ಬಲ್ಲ ವಿಷಯ. ಕಲಾಯಿ ಹೋದ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಕೂಡ ಬೇಡ. ಇಷ್ಟು ಹೇಳುವಾಗ ಇನ್ನೊಂದು ನೆನಪಾಯಿತು, ಮೊಳಕೆಗೆ ಸಂಬಂಧವಿಲ್ಲ ಆದರೂ ಹೇಳುತ್ತೇನೆ: ಪಂಜರ ಅಡುಗೆಮನೆ ಹತ್ತಿರ ಇದ್ದರೆ ನಾನ್‌ಸ್ಟಿಕ್ ತವಾ ಒಲೆ ಮೇಲೆ ಖಾಲಿ ಕಾಯೋಕೆ ಬಿಡಬೇಡಿ. ಅತಿಯಾಗಿ ಕಾದಾಗ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ.

ಕಾಳು ಯಾವುದು

ಇದನ್ನು ಬೇಗ ಮುಗಿಸುತ್ತೇನೆ. ಹೆಸರು, ಇಡೀ ಮಸೂರ, ಕಡಲೆ, ಗೋಧಿ, ರಾಗಿ, ನವಣೆ, ಸಜ್ಜೆ, ಸಿಪ್ಪೆ ಇರುವ ಸೂರ್ಯಕಾಂತಿ, ಇಷ್ಟರಲ್ಲೇ ಸಾಕಷ್ಟಿದೆ. ನವಣೆ ಅಕ್ಕಿ ಅಂತ ಸಿರಿಧಾನ್ಯದ ಅಂಗಡಿಯಲ್ಲಿ ಸಿಗುವುದು ಸಿಪ್ಪೆ ತೆಗೆದದ್ದು, ಅದನ್ನು ನೆನೆಹಾಕಿದರೆ ಕೊಳೆಯುತ್ತದೆ ಅಷ್ಟೇ. ಸಿಪ್ಪೆ ಇರುವ ಇಡೀ ನವಣೆ ಕೇಳಿ ತನ್ನಿ.

ರಾಜ್ಮಾ, ಹುರುಳಿಕಾಯಿ ಬೀಜ, ಡಬಲ್ ಬೀನ್ಸ್ ಕೊಡಲೇಬೇಡಿ. ಹಸಿ ಇರುವಾಗ ಅವುಗಳಲ್ಲಿ ವಿಷದ ಅಂಶ ಇರುತ್ತದೆ, ಮೊಳಕೆ ಬಂದ ಮಾತ್ರಕ್ಕೆ ಅದು ಹೋಗುವುದಿಲ್ಲ. ನಮ್ಮ ಅವರೆಯೂ ಅದೇ ಸಾಲಿಗೆ ಸೇರುತ್ತದೆ. ಡಿಸೆಂಬರಿನಲ್ಲಿ ಹಾಸನದ ಸಂತೆಯಿಂದ ಸೊಗಡವರೆ ಚೀಲಗಟ್ಟಲೆ ತಂದು ಹಿದುಕುವ ಸಂಭ್ರಮದಲ್ಲಿ ಹಕ್ಕಿಗೂ ನಾಲ್ಕು ಹಾಕೋಣ ಅನ್ನಿಸುತ್ತದೆ. ಬೇಡ, ನಾವೇ ತಿನ್ನೋಣ.

ಬಿತ್ತನೆ ಬೀಜವನ್ನೂ ಮುಟ್ಟಬೇಡಿ. ಗುಲಾಬಿ ಬಣ್ಣವೋ ನೀಲಿ ಬಣ್ಣವೋ ಹತ್ತಿಸಿರುತ್ತಾರಲ್ಲ, ಅದು ಬೂಷ್ಟುನಾಶಕದ ಗುರುತು. ದಿನಸಿ ಅಂಗಡಿಯ ತಿನ್ನುವ ಕಾಳೇ ಸರಿ. ಮತ್ತೆ ಕಾಳಿನಲ್ಲೇ ರೋಗಾಣು ಕೂತಿರಬಹುದು ಅನ್ನುವುದು ನೆನಪಿರಲಿ. 2011ರಲ್ಲಿ ಜರ್ಮನಿಯಲ್ಲಿ ಮೊಳಕೆಯಿಂದ ಇ. ಕೋಲಿ ಹರಡಿ 50ಕ್ಕೂ ಜಾಸ್ತಿ ಜನ ಸತ್ತರು, ಹುಡುಕುತ್ತಾ ಹೋದರೆ ಮೂಲ ಮೆಂತ್ಯದ ಬೀಜಕ್ಕೆ ಹೋಗಿ ನಿಂತಿತು. ಮೆಂತ್ಯ ಕೆಟ್ಟದ್ದು ಅಂತಲ್ಲ. ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕು ಅಂದುಕೊಳ್ಳಬೇಡಿ ಅಂತ ಹೇಳಿದೆ.

ಹೊಸ ಚೀಲ ತಂದಾಗ 50 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೂರು ದಿನದಲ್ಲಿ 40ಕ್ಕಿಂತ ಕಡಿಮೆ ಮೊಳೆತರೆ ಅದು ಹಳೇ ಕಾಳು. ಆ ಸತ್ತ ಹತ್ತು ಹದಿನೈದು ಕಾಳೇ ಮೊದಲು ಕೊಳೆಯುವುದು, ನಂತರ ಇಡೀ ಡಬ್ಬಿಯನ್ನು ಹಾಳು ಮಾಡುವುದು. ಹಕ್ಕಿ ಅಂಗಡಿಯ ಮಿಕ್ಸ್ ಕಾಳನ್ನು ಮೊಳಕೆಗೆ ಹಾಕಿದರೂ ಇದೇ ಪಾಡು, ಒಂದು ಮೊಳೆಯುವಷ್ಟರಲ್ಲಿ ಇನ್ನೊಂದು ಹಳಸಿರುತ್ತದೆ. ಒಂದೊಂದನ್ನೂ ಬೇರೆ ಬೇರೆ ಬರಿಸಿ ಕೊಡುವಾಗ ಬೆರೆಸಿ.

ನೆನೆಹಾಕುವುದು, ತೊಳೆಯುವುದು

ಮೊದಲು ಕಲ್ಲು, ಒಡೆದ ಕಾಳು, ಹುಳ ಕೊರೆದದ್ದು ಆರಿಸಿ. ನಾಲ್ಕೈದು ಸಲ ತೊಳೆಯಿರಿ, ನೀರು ತಿಳಿಯಾಗುವವರೆಗೆ. ತೇಲುವ ಕಾಳು ಚೆಲ್ಲಿ. ಕುಡಿಯೋಕೆ ಬಳಸುವ ನೀರೇ ಬೇಕು. ಮಳೆ ಜೋರಾದಾಗ ನಲ್ಲಿ ನೀರು ಕೆಮ್ಮಣ್ಣಿನ ಬಣ್ಣಕ್ಕೆ ಬರುತ್ತದಲ್ಲ, ಆಗ ಕುದಿಸಿ ಆರಿಸಿದ ನೀರಲ್ಲಿ ನೆನೆಹಾಕಿ.

ಎಷ್ಟು ಹೊತ್ತು ಅನ್ನುವುದು ತಿಂಗಳ ಮೇಲೆ ಹೋಗುತ್ತದೆ. ಏಪ್ರಿಲ್, ಮೇನಲ್ಲಿ ಹೆಸರಿಗೆ ಆರು ಗಂಟೆ ಸಾಕು, ನಡುವೆ ಒಂದು ಸಲ ನೀರು ಬದಲಾಯಿಸಿ. ನೀರಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಕಂಡರೆ ಹುಳಿ ಬರೋಕೆ ಶುರುವಾಗಿದೆ ಅಂತ ಅರ್ಥ, ತಕ್ಷಣ ಬಸಿಯಿರಿ. ಮಳೆಗಾಲದಲ್ಲಿ ಎಂಟು ಗಂಟೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ 1,000 ಮೀಟರ್‌ಗೂ ಎತ್ತರದಲ್ಲಿದೆ, ಡಿಸೆಂಬರ್ ರಾತ್ರಿ ಚಳಿ ನಿಮಗೆ ಗೊತ್ತೇ ಇದೆ. ಆಗ ಕಡಲೆ, ರಾಗಿಗೆ ಹನ್ನೆರಡು ಗಂಟೆ ಬೇಕಾಗುತ್ತದೆ.

ಬಸಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಲಗುವ ಮುಂಚೆ, ಮೂರು ಸಲ ತೊಳೆದು ಬಸಿಯಿರಿ. ಕೆಲಸಕ್ಕೆ ಹೋಗುವವರು ಎರಡು ಸಲವಾದರೂ ತೊಳೆಯಬೇಕು, ಅದಕ್ಕಿಂತ ಕಡಿಮೆ ಬೇಡ. ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ ಇಡಿ. ಒಲೆ ಪಕ್ಕ ಬೆಚ್ಚಗಿರುತ್ತೆ, ಬೇಗ ಬರುತ್ತೆ ಅಂತ ಇಡುವವರಿದ್ದಾರೆ. ಬೇಗ ಬರುತ್ತದೆ ನಿಜ, ಬೇಗ ಕೆಡುತ್ತದೆ ಕೂಡ.

ಹಕ್ಕಿಗೆ ಉದ್ದ ಬಾಲದ ಮೊಳಕೆ ಬೇಡ. ನವಣೆ, ರಾಗಿಯಲ್ಲಿ ಬಿಳಿ ಚುಕ್ಕಿ ಇಣುಕಿದರೆ ಸಾಕು. ಹೆಸರಿನಲ್ಲಿ ಕಾಳಿನ ಅರ್ಧದಷ್ಟು, ಹೆಚ್ಚೆಂದರೆ ಕಾಳಿನಷ್ಟೇ ಉದ್ದ. ಬೇಸಿಗೆಯಲ್ಲಿ ಅದು ಒಂದು ದಿನದ ಕೆಲಸ, ಚಳಿಗಾಲದಲ್ಲಿ ಎರಡು ದಿನ. ಬಾಲ ಇಣುಕಿದ ಕೂಡಲೇ ನಿಲ್ಲಿಸಿದರೆ ಫ್ರಿಜ್‌ನಲ್ಲಿ ಒಂದು ದಿನ ಜಾಸ್ತಿ ಬಾಳುತ್ತದೆ ಅನ್ನುವುದು ನನ್ನ ಅನುಭವ.

ಫ್ರಿಜ್‌ಗೆ ಹೋಗುವ ಮುಂಚೆ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ. ಕೊನೆಯ ಸಲ ತೊಳೆದು, ತೊಟ್ಟಿಕ್ಕುತ್ತಿರುವಾಗಲೇ ಡಬ್ಬಿಗೆ ಸುರಿದು ಫ್ರಿಜ್‌ಗೆ ತಳ್ಳುತ್ತಾರೆ. ನಾನು ಮಾಡಿದ್ದೂ ಅದನ್ನೇ. ಹಾಗೆ ಮಾಡಬೇಡಿ. ಫ್ರಿಜ್‌ಗೆ ಹಾಕುವ ದಿನ ಕೊನೆಯ ತೊಳೆತಕ್ಕೂ ಡಬ್ಬಿಗೂ ನಡುವೆ ಒಂದೆರಡು ಗಂಟೆ ಬಿಡಿ. ಒಣ ಹತ್ತಿ ಬಟ್ಟೆಯ ಮೇಲೆ ಒಂದು ಕಾಳಿನ ದಪ್ಪಕ್ಕೆ ಹರಡಿ, ಫ್ಯಾನ್ ಸಣ್ಣಗೆ ಹಾಕಿ. ಕೈಗೆ ತಣ್ಣಗೆ ತಾಗಬೇಕು, ಆದರೆ ಅಂಗೈ ಒದ್ದೆಯಾಗಬಾರದು. ಅದೇ ಅಳತೆ. ಬೇಸಿಗೆಯಲ್ಲಿ ಅರ್ಧ ಗಂಟೆಗೇ ಆಗುತ್ತದೆ, ಜಾಸ್ತಿ ಬಿಟ್ಟರೆ ಬಾಲ ಬಾಡುತ್ತದೆ. ಆಷಾಢದ ಮಳೆಯಲ್ಲಿ ಎರಡು ಗಂಟೆ ಕಳೆದರೂ ಒದ್ದೆ ಹಾಗೇ ಇರುತ್ತದೆ. ಆಗ ಬಟ್ಟೆಯ ಎರಡು ತುದಿ ಹಿಡಿದು ಕಾಳನ್ನು ಅತ್ತಿಂದಿತ್ತ ಹೊರಳಿಸಿ, ಇನ್ನೊಂದು ಒಣ ಬಟ್ಟೆಗೆ ಬದಲಾಯಿಸಿ. ಬಿಸಿಲಿಗೆ ಮಾತ್ರ ಹಾಕಬೇಡಿ.

ಇಡುವ ಡಬ್ಬಿ ಚಪ್ಪಟೆಯಾಗಿ ಅಗಲವಾಗಿರಲಿ. ಎತ್ತರದ ಡಬ್ಬಿಯಲ್ಲಿ ತಳದ ಕಾಳು ಮೇಲಿನ ಭಾರಕ್ಕೆ ನಲುಗುತ್ತದೆ. ನನ್ನದು ಗಾಜಿನ ಡಬ್ಬಿ, ಒಂದು ಗೇಣು ಉದ್ದ, ಮೂರು ಬೆರಳು ಆಳ. ತಳಕ್ಕೆ ಮಡಿಸಿದ ಟಿಶ್ಯೂ ಕಾಗದ, ಅದರ ಮೇಲೆ ಎರಡು ಬೆರಳಿಗಿಂತ ಕಡಿಮೆ ಎತ್ತರಕ್ಕೆ ಕಾಳು, ಮೇಲೆ ಇನ್ನೊಂದು ಟಿಶ್ಯೂ. ಮುಚ್ಚಳ ಸುಮ್ನೆ ಮೇಲೆ ಕೂರಿಸುತ್ತೇನೆ, ಒತ್ತುವುದಿಲ್ಲ. ಪ್ಲಾಸ್ಟಿಕ್ ಮುಚ್ಚಳವಾದರೆ ಕಾಸಿದ ಸೂಜಿಯಲ್ಲಿ ಏಳೆಂಟು ತೂತು ಮಾಡಿ. ಪೂರ್ತಿ ತೆರೆದಿಟ್ಟರೆ ಕಾಳು ಒಣಗುತ್ತದೆ, ಫ್ರಿಜ್‌ನಲ್ಲಿರುವ ಈರುಳ್ಳಿ ವಾಸನೆಯೆಲ್ಲ ಎಳೆದುಕೊಳ್ಳುತ್ತದೆ. ಟಿಶ್ಯೂ ಒದ್ದೆಯಾದರೆ ದಿನಾ ಬದಲಾಯಿಸಿ. ಫ್ರಿಜ್‌ನ ಬಾಗಿಲಿನಲ್ಲಿ ಇಡಬೇಡಿ, ತೆಗೆದು ಹಾಕಿ ಮಾಡುವಾಗಲೆಲ್ಲ ಅಲ್ಲಿ ಬಿಸಿಯಾಗುತ್ತದೆ. ಒಳಗೆ ಹಿಂದಕ್ಕೆ ಇಡಿ, 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಇರಬೇಕು. ಹಸಿ ಮಾಂಸ, ಮೀನು ಇಡುವ ಮನೆಯಾದರೆ ಮೊಳಕೆ ಮೇಲಿನ ಅರೆಯಲ್ಲಿರಲಿ, ಅವುಗಳ ನೀರು ಇದರ ಮೇಲೆ ತೊಟ್ಟಿಕ್ಕಬಾರದು.

ಡಬ್ಬಿ ಮೇಲೆ ಒಂದು ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ನೆನಪಿರುತ್ತೆ ಬಿಡು ಅಂದುಕೊಳ್ಳುತ್ತೇವೆ, ಇರುವುದಿಲ್ಲ. ಎರಡು ದಿನ ಆರಾಮ. ಮೂರನೇ ದಿನ ಮೂಸಿ ನೋಡಿ ಕೊಡುತ್ತೇನೆ. ನಾಲ್ಕನೇ ದಿನಕ್ಕೆ ಎಷ್ಟೇ ಚೆನ್ನಾಗಿದ್ದರೂ ಎಸೆಯುತ್ತೇನೆ.

ಕರೆಂಟಿನ ಕಥೆ ಬೇರೆ. ಗಾಳಿಮಳೆಗೆ ಮರ ಬಿದ್ದು ಇಡೀ ದಿನ ಕರೆಂಟ್ ಇಲ್ಲದಿರುವುದು ಮಲೆನಾಡಿನಲ್ಲಿ ಹೊಸದಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ಹೋಗಿ, ಒಳಗೆ ಬೆಚ್ಚಗಾಗಿದ್ದರೆ ಆ ಮೊಳಕೆ ಹಕ್ಕಿಗೆ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಫ್ರಿಜ್ ನಂಬುವುದನ್ನೇ ಬಿಟ್ಟಿದ್ದೇನೆ. ಆ ದಿನಕ್ಕೆ ಬೇಕಾದಷ್ಟೇ, ಎರಡು ಚಮಚ, ಫಿಲ್ಟರಿನಲ್ಲಿ ಬರಿಸುತ್ತೇನೆ. ಕೆಲವರು ಐಸ್ ಟ್ರೇನಲ್ಲಿ ಹಾಕಿ ಫ್ರೀಜರ್‌ಗೆ ಇಡುತ್ತಾರೆ. ಇಡಬಹುದು, ಆದರೆ ಕರಗಿದ ಮೇಲೆ ಕಾಳು ಮೆತ್ತಗಾಗಿರುತ್ತದೆ, ಆಗಲೇ ಕೊಟ್ಟು ಮುಗಿಸಬೇಕು, ಮತ್ತೆ ಒಳಗಿಡುವಂತಿಲ್ಲ. ನನ್ನ ಕಾಕಟೀಲ್ ಅದನ್ನು ಮೂಸಿಯೂ ನೋಡುವುದಿಲ್ಲ.

ಕೆಟ್ಟಿದೆಯಾ ಇಲ್ಲವಾ

ಮೂಗೇ ಮೊದಲ ಪರೀಕ್ಷೆ. ಒಳ್ಳೆ ಮೊಳಕೆಗೆ ಎಳೆ ಬಟಾಣಿ ಸುಲಿದಾಗ ಬರುವ ಹಸಿ ವಾಸನೆ ಇರುತ್ತದೆ. ಹುಳಿ, ಮುಗ್ಗಲು, ಹೆಂಡದ ವಾಸನೆ ಬಂದರೆ ಮುಗಿಯಿತು. ಎರಡನೆಯದು ಬೆರಳು. ಎರಡು ಕಾಳು ಉಜ್ಜಿ ನೋಡಿ, ಲೋಳೆ ಎಳೆಯಾಗಿ ಬಂದರೆ ಎಸೆಯಿರಿ. ತೊಳೆದು ಕೊಡೋಣ ಅನ್ನುವ ಆಸೆಗೆ ಬೀಳಬೇಡಿ. ತೊಳೆದರೆ ವಾಸನೆ ಹೋಗುತ್ತದೆ, ಒಳಗಿರುವುದು ಹೋಗುವುದಿಲ್ಲ. ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕುವ ರೂಢಿ ಕೆಲವರಲ್ಲಿದೆ, ಕೆಟ್ಟದ್ದನ್ನು ಅದೂ ಒಳ್ಳೆಯದು ಮಾಡುವುದಿಲ್ಲ.

ಹೊಸಬರು ಗಾಬರಿಯಾಗುವುದು ಬಿಳಿ ನೂಲು ಕಂಡಾಗ. ರಾಗಿ, ನವಣೆ, ಗೋಧಿಯ ಬೇರಿನ ಸುತ್ತ ಹತ್ತಿಯಂಥ ಸಣ್ಣ ಕೂದಲು ಬರುತ್ತದೆ. ಅದು ಬೇರಿನ ಕೂದಲು, ಬೂಷ್ಟಲ್ಲ. ಬೇರಿಗೆ ಮಾತ್ರ ಇರುತ್ತದೆ, ಎಲ್ಲ ಕಾಳಲ್ಲೂ ಒಂದೇ ಸಮನಾಗಿರುತ್ತದೆ, ನೀರು ಹಾಕಿದ ಕೂಡಲೇ ಅಂಟಿಕೊಂಡು ಮಾಯವಾಗುತ್ತದೆ. ಬೂಷ್ಟು ಹಾಗಲ್ಲ. ಜೇಡರ ಬಲೆಯ ಹಾಗೆ ಕಾಳಿನಿಂದ ಕಾಳಿಗೆ ದಾಟುತ್ತದೆ, ಬೂದು, ಹಸಿರು, ಕಪ್ಪು ಚುಕ್ಕಿ ಇರುತ್ತದೆ, ಮೊಳೆಯದ ಕಾಳಿನ ಮೇಲೇ ಮೊದಲು ಕೂರುತ್ತದೆ, ಮುಗ್ಗಲು ವಾಸನೆ ಇರುತ್ತದೆ. ಒಂದೇ ಮೂಲೆಯಲ್ಲಿ ಕಂಡರೂ ಇಡೀ ಡಬ್ಬಿ ಎಸೆಯಿರಿ, ಆ ಮೂಲೆಯನ್ನಷ್ಟೇ ತೆಗೆದು ಉಳಿದದ್ದು ಕೊಡುವುದು ಬೇಡ. ಕೆಲವು ಬೂಷ್ಟಿನ ಕಣ ಹಕ್ಕಿಯ ಶ್ವಾಸಕೋಶಕ್ಕೆ, ಗಾಳಿಚೀಲಕ್ಕೆ ಹೋಗಿ ಆಸ್ಪರ್ಜಿಲೋಸಿಸ್ ಅನ್ನುವ ಕಾಯಿಲೆ ಬರಿಸುತ್ತದೆ. ಬಂದ ಮೇಲೆ ವಾಸಿ ಮಾಡುವುದು ಬಹಳ ಕಷ್ಟ. ಎಸೆಯುವಾಗಲೂ ಪಂಜರದ ಹತ್ತಿರ ಡಬ್ಬಿ ಬಿಚ್ಚಬೇಡಿ.

ಪಂಜರದಲ್ಲಿ

ಒಣ ಕಾಳಿನ ಬಟ್ಟಲಿಗೆ ಮೊಳಕೆ ಬೆರೆಸಬೇಡಿ, ಒಣಗಿದ್ದೂ ಒದ್ದೆಯಾಗಿ ಕೆಡುತ್ತದೆ. ಬೇರೆ ಚಿಕ್ಕ ಸ್ಟೀಲ್ ಬಟ್ಟಲಿನಲ್ಲಿ, ಹಕ್ಕಿ ಕೂರುವ ಕೋಲಿನ ಕೆಳಗೆ ಬಾರದ ಹಾಗೆ ಇಡಿ. ಕೋಲಿನ ಕೆಳಗೆ ಇಟ್ಟರೆ ಮೇಲಿಂದ ಏನು ಬೀಳುತ್ತದೆ ಅಂತ ಹೇಳಬೇಕಾಗಿಲ್ಲ. ಬೆಳಿಗ್ಗೆ ಹೊಟ್ಟೆ ಹಸಿದಿರುವಾಗ ಇಡಿ. ಬಡ್ಜಿಗೆ ತಲಾ ಒಂದು ಟೀ ಚಮಚ, ಕಾಕಟೀಲ್‌ಗೆ ಎರಡು. ಎರಡು ಗಂಟೆಯಾದ ಮೇಲೆ ಉಳಿದದ್ದನ್ನು ತೆಗೆಯಿರಿ, ಸೆಖೆ ಜಾಸ್ತಿ ಇದ್ದರೆ ಒಂದೇ ಗಂಟೆಗೆ. ತಟ್ಟೆಯಲ್ಲಿ ಬಿದ್ದಿರುವ ಕಾಳನ್ನೂ ಗುಡಿಸಬೇಕು, ಬಡ್ಜಿ ಮಧ್ಯಾಹ್ನ ಕೆಳಗಿಳಿದು ಅದನ್ನೇ ಹುಡುಕಿ ತಿನ್ನುತ್ತದೆ.

ದಿನಾ ಕೊಡಬೇಕಾ ಅಂತ ಕೇಳುತ್ತಾರೆ. ಜೋಡಿ ಹಕ್ಕಿಗೆ ದಿನಾ ಮೆತ್ತಗಿನ ಮೊಳಕೆ ಸಿಕ್ಕರೆ ಒಳ್ಳೆ ಕಾಲ ಬಂತು ಅಂತ ಮೊಟ್ಟೆಗೆ ಕೂರುತ್ತವೆ. ಮರಿ ಬೇಡ ಅನ್ನುವವರು ವಾರಕ್ಕೆ ಎರಡು ಮೂರು ಸಲಕ್ಕೆ ನಿಲ್ಲಿಸಿ. ಮೊದಲ ಸಲ ತಿನ್ನದ ಹಕ್ಕಿಗೆ ಒಣ ನವಣೆಯ ಪಕ್ಕದ ಬಟ್ಟಲಿನಲ್ಲಿ ನಾಲ್ಕೇ ಕಾಳು ಇಟ್ಟು ಬಿಡಿ. ನನ್ನ ಗಂಡು ಬಡ್ಜಿ ಒಂಬತ್ತು ದಿನ ಬೆನ್ನು ತಿರುಗಿಸಿ ಕೂತಿತ್ತು, ಹತ್ತನೇ ದಿನ ಹೆಣ್ಣಿನ ಬಾಯಿಂದ ಕಿತ್ತು ತಿಂದಿತು.

ತೊಳೆಯುವ ಕೆಲಸಕ್ಕೆ ಬೇಸರ ಮಾಡಬೇಡಿ. ಪ್ರತಿ ಸರದಿ ಮುಗಿದ ಮೇಲೆ ಬಾಟಲಿ, ಫಿಲ್ಟರ್, ಡಬ್ಬಿ ಎಲ್ಲ ಸೋಪು ಹಾಕಿ ಉಜ್ಜಿ. ಸ್ಟೀಲಿಗೆ ಕುದಿಯುವ ನೀರು ಸುರಿಯಿರಿ. ಗಾಜಿಗೆ ಮೊದಲು ಬಿಸಿ ನೀರು, ಆಮೇಲೆ ಕುದಿಯುವ ನೀರು, ಇಲ್ಲದಿದ್ದರೆ ಸೀಳುತ್ತದೆ. ಫಿಲ್ಟರಿನ ತೂತುಗಳನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಎರಡೂ ಕಡೆ ಉಜ್ಜಿ ಬೆಳಕಿಗೆ ಹಿಡಿದು ನೋಡಿ. ಪೂರ್ತಿ ಒಣಗಿದ ಮೇಲೇ ಮುಂದಿನ ಸರದಿ. ಮಳೆಗಾಲದಲ್ಲಿ ಒಣಗುವುದು ತಡವಾಗುತ್ತದೆ ಅಂತ ನಾನು ಎರಡು ಫಿಲ್ಟರ್ ಇಟ್ಟುಕೊಂಡಿದ್ದೇನೆ, ಒಂದು ಒಲೆ ಮೇಲಿನ ಅರೆಯಲ್ಲಿ ಬೋರಲಾಗಿ ಒಣಗುತ್ತಿರುವಾಗ ಇನ್ನೊಂದರಲ್ಲಿ ನವಣೆ ಕಣ್ಣು ಬಿಡುತ್ತಿರುತ್ತದೆ.

ಹೆಸರುಕಾಳು ಜಾಸ್ತಿ ಬಂದ ದಿನ ಅಮ್ಮ ಮೊದಲು ಅರ್ಧ ಪಾಲು ತೆಗೆದುಕೊಂಡು ಬೇಯಿಸಿ ಉಸಲಿ ಮಾಡುತ್ತಾರೆ, ಹಕ್ಕಿಗೆ ಆಮೇಲೆ. ತಾರೀಖು ದಾಟಿದ್ದು ದಾಸವಾಳದ ಬುಡಕ್ಕೆ. ಈ ಸಲ ಅಲ್ಲಿ ಒಂದು ಸೂರ್ಯಕಾಂತಿ ಗಿಡ ಎದ್ದಿದೆ.